ಗ್ವಾರ್ಡಾ: ಹುಲ್ಲಿನ ಗಾಡಿಗೆಂದು ಕಟ್ಟಿದ ಊರು

ಸ್ವಿಟ್ಜರ್ಲೆಂಡಿನ ಪೂರ್ವದ ಅಂಚಿನಲ್ಲಿ, ಇನ್ ನದಿಯ ಕಣಿವೆಯಲ್ಲಿ, ಕೆಳ ಎಂಗಾಡಿನ್ ಎಂದು ಕರೆಯುವ ಸೀಮೆ ಇದೆ. ಅಲ್ಲಿ ನದಿಯ ಎಡದಂಡೆಯ ಮೇಲೆ, ದಕ್ಷಿಣದ ಬಿಸಿಲಿಗೆ ಮುಖಮಾಡಿ, 1653 ಮೀಟರ್ ಎತ್ತರದ ಸಮತಟ್ಟಿನಲ್ಲಿ ಕುಳಿತ ಹಳ್ಳಿ ಗ್ವಾರ್ಡಾ. ಇಲ್ಲಿ ಇನ್ನೂರು ಜನರೂ ಇಲ್ಲ. 2014ರ ಕೊನೆಯವರೆಗೆ ಇದಕ್ಕೆ ತನ್ನದೇ ಆದ ಪಂಚಾಯ್ತಿ ಇತ್ತು. 2015ರ ಜನವರಿ 1ರಂದು ಆರ್ಡೆಟ್ಸ್, ಫ್ತಾನ್, ಸೆಂಟ್, ತರಾಸ್ಪ್ ಊರುಗಳ ಜೊತೆ ಇದೂ ಶ್ಕುವೋಲ್ ಪಂಚಾಯ್ತಿಗೆ ಸೇರಿತು. ಹಾಗೆ ಸೇರಿದ ಮೇಲೆ ಶ್ಕುವೋಲ್‌ನ ವಿಸ್ತೀರ್ಣ ಸುಮಾರು 439 ಚದರ ಕಿಲೋಮೀಟರ್ ಆಯಿತು. ದೇಶದ ಅತಿ ದೊಡ್ಡ ಪಂಚಾಯ್ತಿ ಈಗ ಅದೇ.

ಬಹಳ ಜನ ಇಲ್ಲಿಗೆ ಮಧ್ಯಾಹ್ನ ಬಸ್ಸಿನಲ್ಲಿ ಬಂದು, ಚಿತ್ತಾರದ ಗೋಡೆಗಳ ಫೋಟೊ ತೆಗೆದು, ಸಂಜೆಗೆ ಇಳಿದು ಹೋಗುತ್ತಾರೆ. ಅಷ್ಟಕ್ಕೇ ನಿಂತರೆ ಈ ಊರು ಬರೀ ಬಣ್ಣದ ಗೋಡೆಯಾಗಿ ಉಳಿಯುತ್ತದೆ. ಇಲ್ಲಿನ ಮನೆಯ ಬಾಗಿಲು ಏಕೆ ಅಷ್ಟು ಅಗಲ, ಕಿಟಕಿ ಏಕೆ ಅಷ್ಟು ಚಿಕ್ಕದು, ಬೀದಿ ಏಕೆ ನೀರಿನ ತೊಟ್ಟಿಯ ಸುತ್ತ ತಿರುಗುತ್ತದೆ ಎಂಬುದೆಲ್ಲ ತಿಳಿಯಬೇಕಾದರೆ ಮೇಲಿನ ಹುಲ್ಲುಗಾವಲನ್ನೂ ಕೆಳಗಿನ ಮೆಟ್ಟಿಲು ಹೊಲಗಳನ್ನೂ ನಡೆದು ನೋಡಬೇಕು. ಅದಕ್ಕೆ ಮೂರು ರಾತ್ರಿ ಬೇಕು.

ಮೊದಲ ದಿನ: ಜ್ಯೂರಿಕ್‌ನಿಂದ ಮೇಲಕ್ಕೆ

ಜ್ಯೂರಿಕ್ ಮುಖ್ಯ ನಿಲ್ದಾಣದಿಂದ ಖೂರ್ ಕಡೆಗೆ ಹೋಗುವ ಇಂಟರ್‌ಸಿಟಿ ಹಿಡಿದು ಲಾಂಡ್‌ಕ್ವಾರ್ಟ್‌ನಲ್ಲಿ ಇಳಿಯಬೇಕು. ಸುಮಾರು ಒಂದು ಗಂಟೆಯ ದಾರಿ. ರೈಲು ಹೋಗುವ ದಿಕ್ಕಿಗೆ ಎಡಗಡೆಯ ಕಿಟಕಿ ಹಿಡಿಯಿರಿ. ಮೊದಲು ಜ್ಯೂರಿಕ್ ಸರೋವರ, ಆಮೇಲೆ ವಾಲೆನ್‌ಸೇ ಸರೋವರ, ಎರಡೂ ಆ ಬದಿಗೇ ಬರುತ್ತವೆ. ಲಾಂಡ್‌ಕ್ವಾರ್ಟ್‌ನಲ್ಲಿ ರೇಟಿಯನ್ ರೈಲ್ವೆಯ ಕೆಂಪು ರೈಲಿಗೆ ಬದಲಿಸಬೇಕು. ಇದು ಒಂದು ಮೀಟರ್ ಅಗಲದ ಹಳಿ, ನಮ್ಮ ಹಳೆಯ ಮೀಟರ್ ಗೇಜ್ ಅಳತೆಯೇ. ಬೋರ್ಡಿನಲ್ಲಿ ‘ಶ್ಕುವೋಲ್-ತರಾಸ್ಪ್’ ಎಂದಿರುವ ಗಾಡಿ ಸಿಕ್ಕರೆ ಮತ್ತೆಲ್ಲೂ ಇಳಿಯುವ ಗೋಜಿಲ್ಲ.

ಕ್ಲೋಸ್ಟರ್ಸ್ ದಾಟಿದ ಮೇಲೆ ವೆರೈನಾ ಸುರಂಗ ಶುರುವಾಗುತ್ತದೆ. 1999ರ ನವೆಂಬರಿನಲ್ಲಿ ತೆರೆದ ಈ ಸುರಂಗದ ಉದ್ದ 19 ಕಿಲೋಮೀಟರ್‌ಗೂ ತುಸು ಹೆಚ್ಚು. ಮೀಟರ್ ಗೇಜ್ ಹಳಿಯ ಸುರಂಗಗಳಲ್ಲಿ ಇದಕ್ಕಿಂತ ಉದ್ದದ್ದು ಜಗತ್ತಿನಲ್ಲಿ ಇಲ್ಲ. ಇದಕ್ಕೆ ಮೊದಲು ಚಳಿಗಾಲದಲ್ಲಿ ಉತ್ತರದಿಂದ ಕೆಳ ಎಂಗಾಡಿನ್‌ಗೆ ಬರುವುದೆಂದರೆ ಫ್ಲ್ಯುಯೆಲಾ ಕಣಿವೆದಾರಿಯ ಹಿಮವನ್ನು ಎದುರಿಸಬೇಕಿತ್ತು, ಇಲ್ಲವೇ ಮೇಲಿನ ಎಂಗಾಡಿನ್ ಸುತ್ತಿ ಬರಬೇಕಿತ್ತು. ಈಗ ಕಾರುಗಳನ್ನೂ ರೈಲಿನ ಮೇಲೆ ಹತ್ತಿಸಿ ಸುಮಾರು 18 ನಿಮಿಷದಲ್ಲಿ ದಾಟಿಸುತ್ತಾರೆ.

ಸುರಂಗದಿಂದ ಹೊರಬಿದ್ದೊಡನೆ ಬರುವುದು ಸಾಲ್ಯೈನ್ಸ್. ಇದು ರೈಲಿನಿಂದ ರೈಲಿಗೆ ಬದಲಿಸಲು ಮಾತ್ರ ಇರುವ ನಿಲ್ದಾಣ. ಪ್ಲಾಟ್‌ಫಾರ್ಮಿನಿಂದ ಹೊರಗೆ ಹೋಗಲು ಪ್ರಯಾಣಿಕರಿಗೆ ದಾರಿಯೇ ಇಲ್ಲ. ನಕ್ಷೆಯಲ್ಲಿ ಹತ್ತಿರ ಕಂಡಿತೆಂದು ಇಲ್ಲಿಳಿದು ನಡೆಯುವ ಲೆಕ್ಕ ಹಾಕಿದವರು ಮುಂದಿನ ರೈಲಿಗೆ ಕಾಯುತ್ತ ಕೂರಬೇಕಾಗುತ್ತದೆ. ಮುಂದೆ ಲವೀನ್, ಆಮೇಲೆ ಗ್ವಾರ್ಡಾ. ಈ ಮಾರ್ಗದ ಸಣ್ಣ ನಿಲ್ದಾಣಗಳಲ್ಲಿ ಕೇಳಿಕೊಂಡರೆ ಮಾತ್ರ ರೈಲು ನಿಲ್ಲುವುದುಂಟು. ಹಿಂದಿನ ನಿಲ್ದಾಣ ಬಿಟ್ಟ ಕೂಡಲೇ ಬಾಗಿಲ ಬಳಿಯ ಗುಂಡಿ ಒತ್ತಿ, ಸಾಮಾನು ಹಿಡಿದು ಸಿದ್ಧರಾಗಿ. ವಾಪಸ್ಸು ಬರುವಾಗಲೂ ಪ್ಲಾಟ್‌ಫಾರ್ಮಿನಲ್ಲಿ ಗುಂಡಿ ಇದೆಯೇ ನೋಡಿ. ಒತ್ತದೆ ನಿಂತರೆ ಗಾಡಿ ಕಣ್ಣೆದುರಿಗೇ ಹೊರಟುಹೋಗಬಹುದು.

ಗ್ವಾರ್ಡಾ ನಿಲ್ದಾಣ ಇರುವುದು 1431 ಮೀಟರ್‌ನಲ್ಲಿ, ಊರು ಅದಕ್ಕಿಂತ 220 ಮೀಟರ್ ಮೇಲೆ. ಹಳದಿ ಪೋಸ್ಟ್‌ಬಸ್ ಸುತ್ತುದಾರಿಯಲ್ಲಿ ಹತ್ತು ನಿಮಿಷಕ್ಕೆ ಮೇಲೆ ಮುಟ್ಟಿಸುತ್ತದೆ. ನಡೆದರೆ ಮುಕ್ಕಾಲು ಗಂಟೆಯ ಏರು. ಬಸ್ ಸಾಮಾನ್ಯವಾಗಿ ರೈಲಿಗೆ ಹೊಂದಿಸಿಕೊಂಡೇ ಬರುತ್ತದೆ, ಆದರೆ ಸಂಜೆಯಾದ ಮೇಲೆ ಓಡಾಟ ಕಡಿಮೆ. ಜ್ಯೂರಿಕ್‌ನಿಂದ ಹೊರಡುವ ಮೊದಲೇ ಸ್ವಿಸ್ ರೈಲ್ವೆಯ ಆ್ಯಪ್‌ನಲ್ಲಿ ‘Guarda, cumün’ (ಗ್ವಾರ್ಡಾ, ಊರು) ಎಂಬ ಬಸ್ ನಿಲ್ದಾಣದವರೆಗೆ ದಾರಿ ಹುಡುಕಿ. ರೈಲು ನಿಲ್ದಾಣದವರೆಗೆ ಮಾತ್ರ ಹುಡುಕಿದರೆ ಕೊನೆಯ ಬಸ್ ತಪ್ಪಿದ್ದು ಕತ್ತಲಾದ ಮೇಲೆ ತಿಳಿಯುತ್ತದೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಇಂಟರ್‌ಸಿಟಿ, ರೇಟಿಯನ್ ರೈಲ್ವೆ, ಪೋಸ್ಟ್‌ಬಸ್ ಮೂರಕ್ಕೂ ಅದೇ ಸಾಕು.

ಸಾಮಾನಿನ ಬಗ್ಗೆ ಒಂದು ಮಾತು. ಊರಿನೊಳಗಿನ ಬೀದಿಗೆ ಉರುಟು ಕಲ್ಲು ಹಾಸಿದ್ದಾರೆ. ಚಕ್ರದ ದೊಡ್ಡ ಸೂಟ್‌ಕೇಸ್ ಅದರ ಮೇಲೆ ಉರುಳುವುದಿಲ್ಲ, ಬೆನ್ನಿಗೆ ಹಾಕುವ ಚೀಲವೇ ಸರಿ. ಹೊರಗಿನವರ ಕಾರುಗಳು ಊರ ಬಾಗಿಲಿನ ಪಾರ್ಕಿಂಗ್‌ನಲ್ಲೇ ನಿಲ್ಲಬೇಕು. ಸ್ವಿಸ್ ಪ್ಲಗ್‌ಗೆ ಮೂರು ಸಣ್ಣ ಉರುಟು ಕಡ್ಡಿಗಳು. ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ ಅದಕ್ಕೆ ಹೊಂದದು, ಎರಡು ತೆಳು ಕಡ್ಡಿಯ ಮೊಬೈಲ್ ಚಾರ್ಜರ್ ಹೊಂದುತ್ತದೆ.

ಊಟದ ಸಾಮಾನು ಬೇಕಿದ್ದರೆ ದಾರಿಯಲ್ಲೇ ಕೊಂಡುಬಿಡಿ. ಹಳ್ಳಿಯಲ್ಲಿ ಆಯ್ಕೆ ಕಡಿಮೆ, ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಸಸ್ಯಾಹಾರಿಗಳು ಈ ಸೀಮೆಯ ಬಾರ್ಲಿ ಸೂಪನ್ನೂ, ಸೊಪ್ಪಿನೆಲೆಯಲ್ಲಿ ಸುತ್ತಿದ ‘ಕಪೂನ್ಸ್’ ಅನ್ನೂ ಕೇಳದೆ ತರಿಸಬಾರದು. ಎರಡರಲ್ಲೂ ಒಣಮಾಂಸದ ಚೂರುಗಳಿರುವುದೇ ರೂಢಿ. ನಂಬಿ ತಿನ್ನಬಹುದಾದದ್ದು ‘ಮಲೂನ್ಸ್’. ಹಿಂದಿನ ದಿನ ಬೇಯಿಸಿಟ್ಟ ಆಲೂಗಡ್ಡೆಯನ್ನು ತುರಿದು, ಹಿಟ್ಟು ಬೆರೆಸಿ, ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಅರ್ಧ ಗಂಟೆಗೂ ಹೆಚ್ಚು ಕೈಬಿಡದೆ ಮಗುಚಿ, ಉದುರುದುರಾಗಿ ಹೊಂಬಣ್ಣ ಬರುವಂತೆ ಹುರಿಯುತ್ತಾರೆ. ಜೊತೆಗೆ ಸೇಬಿನ ಗೊಜ್ಜು, ಬೆಟ್ಟದ ಚೀಸ್.

ಎರಡನೆಯ ದಿನ: ಮನೆಗಳು

ಈ ದಿನ ಊರು ಬಿಟ್ಟು ಎಲ್ಲೂ ಹೋಗುವುದು ಬೇಡ. ಬೆಳಿಗ್ಗೆ ಬೇಗ ಎದ್ದು ಹೊರಬಿದ್ದರೆ ಬಿಸಿಲು ಗೋಡೆಗೆ ಓರೆಯಾಗಿ ಬೀಳುತ್ತದೆ. ಚಿತ್ತಾರದ ಗೀರುಗಳ ಆಳ ಕಾಣುವುದು ಆ ಬೆಳಕಿನಲ್ಲಿ. ನಡುಮಧ್ಯಾಹ್ನದ ನೇರ ಬಿಸಿಲಿನಲ್ಲಿ ಎಲ್ಲವೂ ಚಪ್ಪಟೆ.

1622ರಲ್ಲಿ ಆಸ್ಟ್ರಿಯಾದ ಸೈನ್ಯ ಈ ಕಣಿವೆಯ ಹಳ್ಳಿಗಳನ್ನು ಸುಟ್ಟಿತು. ಗ್ವಾರ್ಡಾ ಕೂಡ ಉರಿಯಿತು. ಈಗ ಕಾಣುವ ಮನೆಗಳಲ್ಲಿ ಬಹುಪಾಲು ಆಮೇಲೆ, 17ನೇ ಶತಮಾನದಲ್ಲಿ, ಮತ್ತೆ ಎದ್ದವು. ಬಾಗಿಲ ಕಮಾನಿನ ಮೇಲೆ ಬರೆದ ಇಸವಿಗಳನ್ನು ಓದುತ್ತ ಹೋದರೆ ಊರು ಮತ್ತೆ ತಲೆಯೆತ್ತಿದ ಕ್ರಮ ತಾನಾಗಿ ತೆರೆದುಕೊಳ್ಳುತ್ತದೆ.

ಯಾವುದಾದರೂ ಒಂದು ಮನೆಯ ಮುಂದೆ ನಿಂತು ನೋಡಿ. ದೊಡ್ಡ ಕಮಾನಿನ ಬಾಗಿಲು ಎತ್ತಿನ ಗಾಡಿಯ ಅಳತೆಗೆ ಇದೆ. ಒಣಹುಲ್ಲು ಹೇರಿದ ಗಾಡಿ ಬೀದಿಯಿಂದ ನೇರವಾಗಿ ಈ ಬಾಗಿಲೊಳಗೆ ಹೋಗುತ್ತಿತ್ತು. ಒಳಗೆ ‘ಸುಲೆರ್’ ಎಂಬ ಅಗಲವಾದ ಪಡಸಾಲೆ. ಗಾಡಿ ಅದನ್ನು ಉದ್ದಕ್ಕೆ ದಾಟಿ ಮನೆಯ ಹಿಂಬದಿಯ ಹುಲ್ಲುಮನೆ ಸೇರುತ್ತಿತ್ತು. ಮನೆ, ಹುಲ್ಲುಮನೆ, ಕೊಟ್ಟಿಗೆ ಮೂರೂ ಒಂದೇ ಮಾಡಿನ ಕೆಳಗೆ. ದೊಡ್ಡ ಬಾಗಿಲಿನ ಪಕ್ಕದಲ್ಲಿ ಇನ್ನೊಂದು ಬಾಗಿಲು ತಗ್ಗಿನಲ್ಲಿ ಕಾಣುತ್ತದೆ. ಅದು ‘ಕ್ವೋರ್ಟ್’ ಎಂಬ ಕೆಳಗಿನ ಅಂಗಳದ ಬಾಗಿಲು. ದನಗಳು ಅದರೊಳಗೆ ಹಾದು ಹುಲ್ಲುಮನೆಯ ಕೆಳಗಿನ ಕೊಟ್ಟಿಗೆಗೆ ಹೋಗುತ್ತಿದ್ದವು. ಮೇಲೆ ಹುಲ್ಲು, ಕೆಳಗೆ ದನ. ಹಿಮ ಎಷ್ಟೇ ಬಿದ್ದರೂ ಹೊರಗೆ ಕಾಲಿಡದೆ ಮೇವನ್ನು ಕೆಳಕ್ಕೆ ತಳ್ಳಿದರೆ ಆಯಿತು.

ಸುಲೆರ್‌ನ ಒಂದು ಬದಿಗೆ ಸಾಲಾಗಿ ಮೂರು ಕೋಣೆ. ಬೀದಿಯ ಕಡೆಗೆ ‘ಸ್ಟೂವಾ’, ನಡುವೆ ಅಡುಗೆಮನೆ, ಹಿಂದೆ ಉಗ್ರಾಣ. ಸ್ಟೂವಾ ಎಂದರೆ ಮರದ ಹಲಗೆ ಹೊದಿಸಿದ ಬೆಚ್ಚನೆಯ ಕೋಣೆ. ಅದಕ್ಕೆ ಬಳಸುವುದು ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಆರ್ವೆ ಎಂಬ ಪೈನ್ ಮರ, ಅದರ ರಾಳದ ಪರಿಮಳ ಶತಮಾನ ಕಳೆದರೂ ಪೂರ್ತಿ ಆರುವುದಿಲ್ಲ. ಚಳಿಗಾಲದಲ್ಲಿ ಮನೆಯಲ್ಲಿ ಬಿಸಿಯಾಗುತ್ತಿದ್ದದ್ದು ಇದೊಂದೇ ಕೋಣೆ. ಒಲೆಗೆ ಬೆಂಕಿ ಇಡುವ ಬಾಯಿ ಅಡುಗೆಮನೆಯ ಕಡೆಗಿತ್ತು, ಹಾಗಾಗಿ ಹೊಗೆ ಸ್ಟೂವಾದೊಳಕ್ಕೆ ಬರುತ್ತಿರಲಿಲ್ಲ. ಒಲೆಯ ಮೇಲಿನ ಮಾಳಿಗೆಯಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟು, ಬಿಸಿಗಾಳಿ ಮೇಲಿನ ಮಲಗುವ ಕೋಣೆಗೆ ಏರುವಂತೆ ಮಾಡಿರುತ್ತಿದ್ದರು.

ಹೊರಗಿನಿಂದ ನೋಡಿದರೆ ಪೂರ್ತಿ ಕಲ್ಲಿನ ಮನೆ ಎನ್ನಿಸುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಸ್ಟೂವಾವನ್ನು ಮರದ ದಿಮ್ಮಿಗಳಿಂದ ಕಟ್ಟಿ, ಅದರ ಸುತ್ತ ಕಲ್ಲುಗೋಡೆ ಎಬ್ಬಿಸಿದ್ದಾರೆ. ಮರ ಶಾಖವನ್ನು ಹಿಡಿದಿಡುತ್ತದೆ, ಕಲ್ಲು ಬೆಂಕಿಯನ್ನು ತಡೆಯುತ್ತದೆ. ಗೋಡೆಯ ದಪ್ಪ ಮೊಳಕ್ಕೂ ಮಿಕ್ಕಿದ್ದು. ಅದರಲ್ಲಿ ದೊಡ್ಡ ಕಿಟಕಿ ಕೊರೆದರೆ ಶಾಖವೆಲ್ಲ ಸೋರಿಹೋಗುತ್ತದೆ. ಅದಕ್ಕೇ ಗಾಜನ್ನು ಚಿಕ್ಕದಾಗಿಯೇ ಇಟ್ಟು, ಸುತ್ತಲಿನ ಗೋಡೆಯನ್ನು ಹೊರಗಡೆಗೆ ಆಲಿಕೆಯ ಬಾಯಿಯಂತೆ ಇಳಿಜಾರಾಗಿ ಕಡಿದಿದ್ದಾರೆ. ಬಿಳಿ ಸುಣ್ಣದ ಆ ಇಳಿಜಾರಿಗೆ ತಾಕಿದ ಬೆಳಕು ಪುಟಿದು ಒಳಗೆ ಬರುತ್ತದೆ.

ಇನ್ನು ಗೋಡೆಯ ಚಿತ್ತಾರ, ಸ್ಗ್ರಾಫಿತೊ. ಬಣ್ಣ ಬಳಿದು ಬರೆದದ್ದಲ್ಲ, ಗೀರಿ ತೆಗೆದದ್ದು. ಮೊದಲು ಗೋಡೆಯನ್ನು ನೀರು ಹೊಡೆದು ಚೆನ್ನಾಗಿ ನೆನೆಸುತ್ತಾರೆ. ಸುಣ್ಣ ಮತ್ತು ಮರಳಿನ ಬೂದು ಗಾರೆಯ ಗಿಲಾವು ಮಾಡುತ್ತಾರೆ. ಅದು ಒಣಗುವ ಮೊದಲೇ ಮೇಲೆ ಸುಣ್ಣದ ತಿಳಿಯನ್ನು ತೆಳ್ಳಗೆ, ಒಂದರ ಮೇಲೊಂದು ಕೈ, ಬಳಿಯುತ್ತಾರೆ. ಮೇಲ್ಪದರ ಬಿಗಿಯುತ್ತಿರುವಾಗ ಕೈವಾರ, ಪಟ್ಟಿ, ಮೊಳೆ ಹಿಡಿದು ಗೆರೆ ಹಾಕಿ, ಒಂದೆರಡು ಮಿಲಿಮೀಟರ್ ಆಳಕ್ಕೆ ಬಿಳಿಯನ್ನು ಕೆರೆದರೆ ಕೆಳಗಿನ ಬೂದು ಕಾಣುತ್ತದೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಎರಡು ಪದರಗಳೂ ಹಸಿಯಾಗಿದ್ದಾಗಲೇ ಕೂಡಿದ್ದರಿಂದ ಚಿತ್ತಾರ ಗೋಡೆಯ ಭಾಗವೇ ಆಗಿಬಿಡುತ್ತದೆ.

ಎಡವುವುದು ಹೊತ್ತಿನ ಲೆಕ್ಕದಲ್ಲಿ. ತೀರ ಹಸಿಯಿದ್ದಾಗ ಗೀರಿದರೆ ಸುಣ್ಣ ಎಳೆದುಕೊಂಡು ಬಂದು ಗೆರೆ ಕಲಸಿಹೋಗುತ್ತದೆ. ತಡವಾದರೆ ಅಂಚು ಚೂರುಚೂರಾಗಿ ಸಿಡಿಯುತ್ತದೆ. ಹಾಗಾಗಿ ಒಂದು ದಿನದಲ್ಲಿ ಗೀರಿ ಮುಗಿಸುವಷ್ಟು ಗೋಡೆಗೆ ಮಾತ್ರ ಗಿಲಾವು ಮಾಡಬೇಕು. ಹಳೆಯ ಗೋಡೆಗೆ ದೊಡ್ಡ ಶತ್ರು ಸಿಮೆಂಟು. ಕಲ್ಲುಗೋಡೆಯ ತೇವ ಸುಣ್ಣದ ಗಿಲಾವಿನ ಮೂಲಕ ಆರಿಹೋಗುತ್ತದೆ. ಬಿರುಕಿಗೆ ಸಿಮೆಂಟು ಮೆತ್ತಿದರೆ ತೇವ ಅಲ್ಲೇ ಸಿಕ್ಕಿಕೊಂಡು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಸುತ್ತಲಿನ ಸುಣ್ಣವನ್ನೇ ಹಪ್ಪಳೆಯಾಗಿ ಎಬ್ಬಿಸುತ್ತದೆ. ಪ್ಲಾಸ್ಟಿಕ್ ಅಂಶದ ಬಣ್ಣವೂ ಮಾಡುವುದು ಇದನ್ನೇ.

ಗ್ವಾರ್ಡಾ ಇಷ್ಟು ಚೆನ್ನಾಗಿ ಉಳಿದದ್ದು ತಾನೇ ತಾನಾಗಿ ಅಲ್ಲ. 1939ರಿಂದ 1945ರವರೆಗೆ ವಾಸ್ತುಶಿಲ್ಪಿ ಯಾಖೆನ್ ಉಲ್ರಿಖ್ ಕ್ಯೋಂಟ್ಸ್ ಅವರ ಮುಂದಾಳ್ತನದಲ್ಲಿ ಮನೆಗಳ ದುರಸ್ತಿ ನಡೆಯಿತು. ಅವರ ಪತ್ನಿ ಸೆಲೀನಾ ಬರೆದ, ದೊಡ್ಡ ಗಂಟೆ ಹುಡುಕಿಕೊಂಡು ಹಿಮದಲ್ಲಿ ಬೆಟ್ಟ ಹತ್ತುವ ಉರ್ಸ್ಲಿ ಎಂಬ ಹುಡುಗನ ಮಕ್ಕಳ ಕಥೆ 1945ರಲ್ಲಿ ಹೊರಬಂತು. ಅಲೋಯಿಸ್ ಕಾರಿಜಿಯೆ ಅದಕ್ಕೆ ಬರೆದ ಚಿತ್ರಗಳಲ್ಲಿರುವುದು ಈ ಊರಿನ ಮನೆಗಳೇ. 1975ರಲ್ಲಿ ಸ್ವಿಸ್ ಪರಂಪರೆ ಸಂಘ, ಕಟ್ಟಡಗಳ ಪರಂಪರೆಯನ್ನು ಚೆನ್ನಾಗಿ ಕಾಪಾಡಿದ ಊರುಗಳಿಗೆ ಕೊಡುವ ವಾಕ್ಕರ್ ಪ್ರಶಸ್ತಿಯನ್ನು ಊರಿಗೆ ಕೊಟ್ಟಿತು. ಈ ಎಲ್ಲದರಲ್ಲಿ ಮೆಚ್ಚಬೇಕಾದದ್ದು, ಮನೆಗಳನ್ನು ಸರಿಪಡಿಸಿದ ಮೇಲೂ ಅವುಗಳಲ್ಲಿ ಜನ ವಾಸ ಮುಂದುವರಿಸಿದ್ದು. ಆದ್ದರಿಂದ ಬಾಗಿಲು ತೆರೆದಿದೆಯೆಂದು ಯಾರದೇ ಸುಲೆರ್‌ಗೆ ಕಾಲಿಡಬೇಡಿ. ಒಳಗಿನ ರಚನೆ ನೋಡಬೇಕೆಂದರೆ ಹಳೆಯ ಮನೆಯಲ್ಲೇ ನಡೆಯುವ ತಂಗುಮನೆಯೊಂದರಲ್ಲಿ ಕೋಣೆ ಹಿಡಿಯಿರಿ. ಎದುರಾದವರಿಗೆ ‘ಅಲ್ಲೇಗ್ರಾ’ ಎನ್ನುವುದು ಇಲ್ಲಿಯ ರೂಢಿ. ಊರಿನ ಮಾತು ರೊಮಾನ್ಶ್, ಅದರಲ್ಲಿ ವಲ್ಲಾದೆರ್ ಬಗೆ. ಜರ್ಮನ್ ಎಲ್ಲರಿಗೂ ಬರುತ್ತದೆ.

ಮಧ್ಯಾಹ್ನ ನೀರಿನ ತೊಟ್ಟಿಯಿಂದ ತೊಟ್ಟಿಗೆ ನಡೆಯಿರಿ. ಮನೆಗಳು ಗುಂಪುಗುಂಪಾಗಿ ತೊಟ್ಟಿಯ ಸುತ್ತ ಕೂಡಿವೆ. ಕುಡಿಯುವ ನೀರು, ದನದ ನೀರು, ಬಟ್ಟೆ ಒಗೆತ ಎಲ್ಲವೂ ಅಲ್ಲೇ ನಡೆಯುತ್ತಿದ್ದರಿಂದ ಒಂದು ತೊಟ್ಟಿ ಎಂದರೆ ಒಂದು ಕೇರಿ. ಕುಡಿಯಬಾರದೆಂಬ ಫಲಕವಿಲ್ಲದಿದ್ದರೆ ನಲ್ಲಿಯ ನೀರನ್ನು ನಿಶ್ಚಿಂತೆಯಿಂದ ಬಾಟಲಿಗೆ ತುಂಬಿಸಿಕೊಳ್ಳಬಹುದು. ಮಾರ್ಚ್ 1ರಂದು, ಚಲಂದಾಮಾರ್ಸ್ ಹಬ್ಬದಲ್ಲಿ, ಮಕ್ಕಳು ಗಂಟೆ ಬಾರಿಸುತ್ತ ಚಳಿಗಾಲವನ್ನು ಓಡಿಸಲು ಸುತ್ತುವುದೂ ಈ ತೊಟ್ಟಿಗಳನ್ನೇ. ಆ ದಿನಕ್ಕೆ ಬರುವುದಾದರೆ ಕೋಣೆಯನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು.

ಮೂರನೆಯ ದಿನ: ವಾಲ್ ಟುವೋಯ್

ಊರಿನ ಮೇಲ್ತುದಿಯಿಂದ ಉತ್ತರಕ್ಕೆ ವಾಲ್ ಟುವೋಯ್ ಕಣಿವೆ ತೆರೆದುಕೊಳ್ಳುತ್ತದೆ. ಹಳದಿ ಫಲಕದಲ್ಲಿ ‘ಚಮನ್ನಾ ಟುವೋಯ್’ ಎಂದಿರುವ ದಾರಿ ಹಿಡಿಯಿರಿ. ಅದು ಬೆಟ್ಟ ಹತ್ತುವವರು ತಂಗುವ ಗುಡಿಸಲು, 2250 ಮೀಟರ್‌ನಲ್ಲಿದೆ. ಸುಮಾರು 600 ಮೀಟರ್ ಏರು, ಹತ್ತಲು ಎರಡೂವರೆ ಗಂಟೆ, ಇಳಿಯಲು ಎರಡು. ಫಲಕದಲ್ಲಿ ಬರೆದ ಹೊತ್ತಿಗೆ ವಿರಾಮ ಸೇರಿರುವುದಿಲ್ಲ. ನಿಂತು ನೋಡುತ್ತ ಹೋಗುವವರು ಅರ್ಧ ಪಾಲು ಹೆಚ್ಚು ಹಿಡಿಯಬೇಕು. ಬರೀ ಹಳದಿ ಗುರುತು ಸುಲಭದ ದಾರಿ, ಬಿಳಿ-ಕೆಂಪು-ಬಿಳಿ ಬೆಟ್ಟದ ದಾರಿ. ಬಿಳಿ-ನೀಲಿ-ಬಿಳಿ ಕಂಡರೆ ಅನುಭವಿಲ್ಲದವರು ಹಿಂದಿರುಗುವುದೇ ಸರಿ.

ಬೆಳಿಗ್ಗೆ ಎಂಟರೊಳಗೆ ಹೊರಡಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಏಳುವುದು ಸಾಮಾನ್ಯ, ಮೇಲಿನ ಬಯಲಿನಲ್ಲಿ ಮರೆಗೆ ಮರವೂ ಇಲ್ಲ. ಜೂನ್ ಮೊದಲ ಭಾಗದಲ್ಲಿ ಮೇಲೆ ಹಿಮದ ತೇಪೆಗಳು ಉಳಿದಿರಬಹುದು. ಮಳೆಯಂಗಿ, ಟೋಪಿ, ತಲಾ ಒಂದೂವರೆ ಲೀಟರ್ ನೀರು ಇರಲಿ. ಅವಘಡವಾದರೆ 1414ಕ್ಕೆ ಕರೆಮಾಡಿದರೆ ರೇಗಾ ಸಂಸ್ಥೆಯ ಹೆಲಿಕಾಪ್ಟರ್ ಸೇವೆಗೆ ಹೋಗುತ್ತದೆ. ಪ್ರಯಾಣ ವಿಮೆಯಲ್ಲಿ ಬೆಟ್ಟದ ರಕ್ಷಣಾ ವೆಚ್ಚ ಸೇರಿದೆಯೇ ಎಂದು ಮನೆಯಲ್ಲೇ ನೋಡಿಕೊಂಡು ಬನ್ನಿ.

ಮೊದಲ ಹಂತ ಹುಲ್ಲುಗಾವಲು ಮತ್ತು ಲಾರ್ಚ್ ಮರಗಳ ನಡುವೆ. ಲಾರ್ಚ್ ಸೂಜಿಯೆಲೆಯ ಮರವಾದರೂ ಎಲೆ ಉದುರಿಸುತ್ತದೆ. ಅಕ್ಟೋಬರ್ ನಡುವಿನಲ್ಲಿ ಬಂದವರಿಗೆ ಇಡೀ ಇಳಿಜಾರು ಹೊನ್ನಾಗಿ ಕಾಣುತ್ತದೆ. ಸುಮಾರು 2000 ಮೀಟರ್ ಎತ್ತರದ ಆಲ್ಪ್ ಸೂಟ್ (ಆಲ್ಪ್ ಎಂದರೆ ಬೇಸಿಗೆಯಲ್ಲಿ ದನ ಮೇಯುವ ಬೆಟ್ಟದ ಹುಲ್ಲುಗಾವಲು) ದಾಟಿದ ಮೇಲೆ ಮರಗಳು ಹಿಂದುಳಿದು, ಕಣಿವೆಯ ತಲೆಯಲ್ಲಿ 3312 ಮೀಟರಿನ ಪಿಟ್ಸ್ ಬುವಿನ್ ಎದುರಿಗೆ ಬರುತ್ತದೆ. ಅದರ ಆಚೆ ಮಗ್ಗುಲು ಆಸ್ಟ್ರಿಯಾ. ಶಿಖರಕ್ಕೆ ಹಿಮನದಿ ದಾಟಬೇಕು, ಹಗ್ಗ ಮತ್ತು ಮಾರ್ಗದರ್ಶಿ ಇಲ್ಲದೆ ಆ ಮಾತೇ ಬೇಡ.

ನಿನ್ನೆಯ ಮನೆಗಳಿಗೆ ಅರ್ಥ ಸಿಗುವುದು ಇಲ್ಲಿ. ದನಗಳು ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ, ಸುಮಾರು ನೂರು ದಿನ, ಈ ಆಲ್ಪ್‌ನಲ್ಲಿ ಮೇಯುತ್ತವೆ. ಅದೇ ಹೊತ್ತಿಗೆ ಕೆಳಗೆ ಊರಿನ ಸುತ್ತಲ ಹುಲ್ಲನ್ನು ಕೊಯ್ದು ಒಣಗಿಸುತ್ತಾರೆ. ಒಂದು ಹಸುವಿಗೆ ದಿನಕ್ಕೆ 15 ಕಿಲೋ ಒಣಹುಲ್ಲೆಂದರೂ 200 ದಿನದ ಚಳಿಗಾಲಕ್ಕೆ ಮೂರು ಟನ್ ಬೇಕು. ನಾಲ್ಕು ಹಸು ಇದ್ದ ಮನೆ ಹನ್ನೆರಡು ಟನ್ ಹುಲ್ಲನ್ನು ಕೆಲವೇ ಬಿಸಿಲ ವಾರಗಳಲ್ಲಿ ಒಳಗೆ ಸೇರಿಸಬೇಕು. ಮನೆಯ ಬಾಗಿಲಿಗೆ ಆ ಅಗಲ ಬಂದದ್ದು ಹೀಗೆ. ಹುಲ್ಲು ಅರೆಬರೆ ಒಣಗಿದ್ದಾಗ ತುಂಬಿದರೆ ಒಳಗೊಳಗೇ ಕಾವು ಏರಿ, ಕೆಲವು ವಾರಗಳ ನಂತರ ತಾನೇ ಹೊತ್ತಿಕೊಳ್ಳಬಹುದು. ಒಂದೇ ಮಾಡಿನ ಕೆಳಗೆ ಎಲ್ಲವೂ ಇರುವ ಊರಿಗೆ ಅದಕ್ಕಿಂತ ದೊಡ್ಡ ಭಯವಿಲ್ಲ. ಪಕ್ಕದ ಲವೀನ್ 1869ರಲ್ಲಿ ಬೆಂಕಿಗೆ ಸಿಕ್ಕಿ, ಆಮೇಲೆ ಬೇರೆಯೇ ರೂಪದಲ್ಲಿ ಕಟ್ಟಿಕೊಂಡ ಊರು.

ಕರು ಜೊತೆಗಿರುವ ಹಸುಗಳ ಹತ್ತಿರ ಹೋಗಬೇಡಿ. ದಾರಿ ಬಿಟ್ಟು ದೊಡ್ಡ ಸುತ್ತು ಹಾಕಿ, ಕರುವನ್ನು ಮುಟ್ಟಬೇಡಿ, ಓಡಬೇಡಿ. ತೆರೆದ ಬೇಲಿಯ ಗೇಟನ್ನು ಮತ್ತೆ ಮುಚ್ಚಿ. ಗುಡಿಸಲಿನಲ್ಲಿ ಊಟ ಸಿಗುತ್ತದೆ, ಉಳಿಯಲು ಮೊದಲೇ ತಿಳಿಸಬೇಕು, ಹೊದಿಕೆಯೊಳಗೆ ಹಾಸುವ ತೆಳು ಚೀಲ ನಮ್ಮದೇ ಇರಬೇಕು. ಬೆಟ್ಟದ ಮೇಲೆ ಕಾರ್ಡ್ ನಡೆಯದೆ ಹೋಗಬಹುದು, ನಗದು ಫ್ರಾಂಕ್ ಇಟ್ಟುಕೊಳ್ಳಿ. ಮಕ್ಕಳಿದ್ದರೆ ಈ ಏರಿನ ಬದಲು ಊರಿನ ಮೇಲಿನ ಉರ್ಸ್ಲಿ ಕಥೆಯ ಕಾಲುದಾರಿ ಸಾಕು. ಸುಮಾರು ಮೂರು ಕಿಲೋಮೀಟರಿನ ಸುತ್ತು ಅದು.

ನಾಲ್ಕನೆಯ ದಿನ: ಬೋಷ್‌ಚಾ, ಆರ್ಡೆಟ್ಸ್, ಶ್ಕುವೋಲ್

ಚೀಲ ಬೆನ್ನಿಗೇರಿಸಿ ಪೂರ್ವಕ್ಕೆ ಹೊರಡಿ. ಸ್ವಲ್ಪ ದೂರದವರೆಗೆ ದಾರಿ ಬಹುತೇಕ ಮಟ್ಟಸ, ಬೋಷ್‌ಚಾ ಎಂಬ ಪುಟ್ಟ ಕೇರಿಯಿಂದ ಮುಂದೆ ಇಳಿಜಾರು. ಒಟ್ಟು ಒಂದೂವರೆ ಗಂಟೆಯಲ್ಲಿ 1464 ಮೀಟರಿನ ಆರ್ಡೆಟ್ಸ್ ಸಿಗುತ್ತದೆ. ಕೆಳಗಿನ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಹಳೆಯ ಹೊಲಗಳು. ಕೆಳ ಎಂಗಾಡಿನ್‌ನಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಹಾಗಾಗಿ ಈ ಎತ್ತರದಲ್ಲೂ ಬಾರ್ಲಿ, ರೈ ಬೆಳೆಯುತ್ತಿದ್ದರು. ರೈಲು ಬಂದು ಹೊರಗಿನ ಧಾನ್ಯ ಅಗ್ಗವಾದ ಮೇಲೆ ಹೆಚ್ಚಿನವು ಹುಲ್ಲಿನ ನೆಲವಾದವು. ಕೊಯ್ಯದ ಹುಲ್ಲಿನೊಳಗೆ ಫೋಟೊಗೆಂದು ಇಳಿಯಬೇಡಿ. ತುಳಿದು ಮಲಗಿದ ಹುಲ್ಲನ್ನು ಯಂತ್ರ ಕೊಯ್ಯುವುದಿಲ್ಲ.

ಆರ್ಡೆಟ್ಸ್‌ನಲ್ಲಿ ಒಂದು ಮನೆಯ ಮುಂದೆ ತಪ್ಪದೆ ನಿಲ್ಲಿ. 1647ರ ಆದಾಮ-ಹವ್ವರ ಬಣ್ಣದ ಚಿತ್ರ ಅದರ ಗೋಡೆಯನ್ನೆಲ್ಲ ತುಂಬಿದೆ. ಸ್ಗ್ರಾಫಿತೊ ನೋಡಿ ಬಂದ ಕಣ್ಣಿಗೆ ಕುಂಚದ ಕೆಲಸ ಎಷ್ಟು ಬೇರೆ ಎಂಬುದು ಥಟ್ಟನೆ ಹೊಳೆಯುತ್ತದೆ. ಊರಾಚೆಯ ಬಂಡೆಯ ಮೇಲೆ ಸ್ಟೈನ್ಸ್‌ಬೆರ್ಗ್ ಕೋಟೆಯ ಪಾಳು ಗೋಪುರವಿದೆ.

ಅಲ್ಲಿಂದ ರೈಲಿನಲ್ಲಿ ಶ್ಕುವೋಲ್ ಹತ್ತೇ ನಿಮಿಷ. 1913ರಲ್ಲಿ ಬಂದ ಹಳಿ ಅಲ್ಲಿಗೇ ಮುಗಿಯುತ್ತದೆ. ಆಸ್ಟ್ರಿಯಾದವರೆಗೆ ಒಯ್ಯುವ ಯೋಜನೆ ಇತ್ತು, ಕಟ್ಟಲಿಲ್ಲ. ನಿಲ್ದಾಣ ಊರಿನ ಹೊರಗೆ, ಎತ್ತರದಲ್ಲಿದೆ. ಬಸ್ಸಿನಲ್ಲಿ ಇಳಿದು ಹಳೆಯ ಕೆಳಕೇರಿಗೆ ಹೋಗಿ. ಅಲ್ಲಿಯ ಕೆಲವು ತೊಟ್ಟಿಗಳಿಗೆ ಎರಡು ನಲ್ಲಿ. ಒಂದರಲ್ಲಿ ಸಾದಾ ನೀರು, ಇನ್ನೊಂದರಲ್ಲಿ ನೆಲದಿಂದಲೇ ಗುಳ್ಳೆಗಟ್ಟಿ ಬರುವ, ಕಬ್ಬಿಣದ ರುಚಿಯ ಖನಿಜ ನೀರು. ಆ ನಲ್ಲಿಯ ಕೆಳಗಿನ ಕಲ್ಲು ತುಕ್ಕಿನ ಬಣ್ಣಕ್ಕೆ ತಿರುಗಿರುವುದರಿಂದ ಯಾವುದು ಯಾವುದೆಂದು ಕೇಳಬೇಕಿಲ್ಲ. ಆಲ್ಪ್ಸ್‌ನ ಮೇಲಿನ ಶಿಲಾಪದರ ಸವೆದು, ಅಡಿಯಲ್ಲಿದ್ದ ಹಳೆಯ ಸಾಗರತಳದ ಶಿಲೆ ಈ ಭಾಗದಲ್ಲಿ ಹೊರಗೆ ಕಾಣಿಸುತ್ತದೆ. ಅದರ ಬಿರುಕುಗಳಲ್ಲಿ ಇಂಗಾಲದ ಡೈಆಕ್ಸೈಡ್ ಮೇಲೇರಿ ನೀರಿಗೆ ಬೆರೆಯುತ್ತದೆ. ಮಧ್ಯಾಹ್ನ ಖಾಲಿಯಿದ್ದರೆ ಖನಿಜ ನೀರಿನ ಸ್ನಾನಗೃಹ ಇಲ್ಲಿದೆ. ಬೆಟ್ಟ ಇಳಿದ ಕಾಲಿಗೆ ಒಳ್ಳೆಯದು.

ಬರುವ ತಿಂಗಳನ್ನು ಆರಿಸುವಾಗ ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೂ, ನವೆಂಬರ್ ಪೂರ್ತಿಯೂ ಬಿಟ್ಟುಬಿಡಿ. ಸ್ಕೀ ಮತ್ತು ನಡಿಗೆಯ ಹಂಗಾಮುಗಳ ನಡುವೆ ಹಲವು ತಂಗುಮನೆಗಳು ಬಾಗಿಲು ಹಾಕಿರುತ್ತವೆ. ಹುಲ್ಲು ಕೊಯ್ಲು ನೋಡಬೇಕಾದರೆ ಜುಲೈ. ಶ್ಕುವೋಲ್‌ನಿಂದ ವೆರೈನಾ ಮೂಲಕ ಲಾಂಡ್‌ಕ್ವಾರ್ಟ್ ಕಡೆಗೆ ಗಂಟೆಗೊಂದು ರೈಲಿದೆ. ಜ್ಯೂರಿಕ್ ವಿಮಾನ ನಿಲ್ದಾಣಕ್ಕೆ ಹೋಗುವವರು ದಾರಿಗೇ ಮೂರು ಗಂಟೆಗೂ ಹೆಚ್ಚು ಹಿಡಿಯಬೇಕು. ಬೆಳಗಿನ ವಿಮಾನವಿದ್ದರೆ ಹಿಂದಿನ ಸಂಜೆಯೇ ಕಣಿವೆ ಇಳಿಯುವುದು ಕ್ಷೇಮ.